ಹಬ್ಬ ತರಬೇಕಿದ್ದ ಕರು

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಜೀಪು ಹಳ್ಳದಲ್ಲಿ ನಿಂತಿತ್ತು. ಮುಂದಿನ ಚಕ್ರಗಳು ನೀರಿನಲ್ಲಿ, ಹಿಂದಿನವು ದಡದ ಮರಳಿನ ಮೇಲೆ. ಮಳೆ ಬಿಟ್ಟು ಹತ್ತು ದಿನವಾಗಿತ್ತು. ನನ್ನ ಗಂಡ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಬಾನೆಟ್ ಉಜ್ಜುತ್ತಿದ್ದರು. ಐದು ವರ್ಷದ ಮಗಳು ತೆಂಗಿನ ನಾರು ಹಿಡಿದು ಟೈರಿನ ಸಂದುಗಳಿಂದ ಕೆಂಪು ಮಣ್ಣು ಕೀಳುತ್ತಿದ್ದಳು. ತನ್ನ ಮೈಸೋಪಿನಲ್ಲೇ ಜೀಪಿಗೆ ಸ್ನಾನ ಆಗಬೇಕೆಂದು ಹಟ ಹಿಡಿದು ಸೋಪಿನ ಡಬ್ಬಿಯನ್ನೇ ಮನೆಯಿಂದ ತಂದಿದ್ದಳು. ನಾನು ಬಂಡೆಯ ಮೇಲೆ ಕೂತು ಸೇವಂತಿಗೆ ಹಾರ ಕಟ್ಟುತ್ತಿದ್ದೆ.

"ಅಪ್ಪ, ಜೀಪಿಗೆ ಕಣ್ಣು ಉರಿಯೋದಿಲ್ವಾ?"

"ಉರೀತದೆ ಮಾರಾಯ್ತಿ. ಹೆಡ್‌ಲೈಟ್ ಮುಚ್ಕೊಂಡು ಉಜ್ಜು."

ಅವಳು ನಿಜವಾಗಿಯೂ ಎಡಗೈಯಿಂದ ಹೆಡ್‌ಲೈಟ್ ಮುಚ್ಚಿಕೊಂಡು ಬಲಗೈಯಿಂದ ಉಜ್ಜಿದಳು. ಆಮೇಲೆ ನಾಳೆ ಎಲ್ಲಿಗೆ ಹೋಗುವುದು ಎಂಬ ಚರ್ಚೆ ಶುರುವಾಯಿತು. ಅವರು "ಜೀಪನ್ನೇ ಕೇಳು" ಎಂದರು. ಅವಳು ಬಾನೆಟ್ಟಿಗೆ ಕಿವಿ ಇಟ್ಟು, "ಕಳಸಕ್ಕಂತೆ" ಎಂದಳು.

"ಅದಕ್ಕೆ ಬೇರೆ ಊರೇ ಗೊತ್ತಿಲ್ಲ. ದಿನಾ ಕಳಸಕ್ಕೇ ಹೋಗ್ತದೆ. ಇನ್ನೊಂದ್ಸಲ ಕೇಳು."

ಸಂಜೆಯವರೆಗೂ ಊರು ತೀರ್ಮಾನವಾಗಲಿಲ್ಲ. ಬೆಳಿಗ್ಗೆ ನೋಡೋಣ ಎಂದುಕೊಂಡು ಮನೆಗೆ ಬಂದೆವು. ಆ ದಿನ ಇಷ್ಟೇ ನಡೆದದ್ದು.

ಬಾಳೂರಿನಿಂದ ಆಚೆ, ದೊಡ್ಡ ರಸ್ತೆಯಿಂದ ಒಂದು ಮೈಲಿ ಕೆಳಗೆ ನಮ್ಮ ಮನೆ. ಮೂರು ಎಕರೆ ಕಾಫಿ, ಒಂದು ಕೊಟ್ಟಿಗೆ, ಈ ಜೀಪು. ಅವರು ಜೀಪಿನಲ್ಲಿ ಕಳಸಕ್ಕೆ, ಮೂಡಿಗೆರೆಗೆ ಜನರನ್ನು ಸಾಗಿಸುತ್ತಿದ್ದರು. ಒಳಗೆ ಹದಿನಾಲ್ಕು ಜನ. ಹಿಂದೆ ನೇತಾಡುವವರು ಲೆಕ್ಕಕ್ಕಿಲ್ಲ. ಮನೆಯಲ್ಲಿ ನಾವು ಮೂವರು ಮತ್ತು ಅತ್ತೆ. ಅವರ ಅಣ್ಣ, ಅಂದರೆ ನನ್ನ ಭಾವ, ಅದೇ ತೋಟದ ಇನ್ನೊಂದು ತುದಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಅವರು ತೋರಣಕ್ಕೆ ಮಾವಿನ ಸೊಪ್ಪು ತರಲು ಕೊಟ್ಟಿಗೆಯ ಹಿಂದೆ ಹೋದರು. ಬಿದಿರಿನ ಏಣಿಗಳು ಹೋಗಿ ಅಲ್ಯೂಮಿನಿಯಂ ಏಣಿಗಳು ಬರುತ್ತಿದ್ದ ಕಾಲ ಅದು. ಹಗುರ, ಒಬ್ಬರೇ ಎತ್ತಬಹುದು, ಕಾಳುಮೆಣಸು ಕೊಯ್ಯಲಿಕ್ಕೆ ಅನುಕೂಲ ಎಂದು ಆ ವರ್ಷವೇ ನಮ್ಮ ಮನೆಗೂ ಒಂದು ಬಂದಿತ್ತು. ಬಿದಿರಿನ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆಸಿಕೊಂಡು ಹೋಗುವುದು ನಮ್ಮ ಕಡೆಯ ಅಭ್ಯಾಸ. ಆ ಹೊಸ ಏಣಿಯನ್ನೂ ಅವರು ಹಾಗೇ ನಡೆಸಿಕೊಂಡು ಹೋದರು. ಮಾವಿನ ಮರದ ಪಕ್ಕದಲ್ಲಿ ಕರೆಂಟಿನ ತಂತಿ ಹಾದುಹೋಗುತ್ತದೆ. ನಾನು ಒಲೆಯ ಮುಂದೆ ಕಡುಬಿನ ಹಿಟ್ಟು ಕಲಸುತ್ತಿದ್ದೆ. ಮಗಳು ಇನ್ನೂ ಎದ್ದಿರಲಿಲ್ಲ. ಅತ್ತೆ ಕೂಗಿದ್ದು ಕೇಳಿ ಓಡಿಹೋದೆ. ತಂತಿಗೆ ತಾಗಿದ್ದು ಏಣಿ. ಅವರು ಅದನ್ನು ಹಿಡಿದಿದ್ದರು ಅಷ್ಟೆ.

ಅವರೊಂದಿಗೆ ನನಗೆ ಸಿಕ್ಕಿದ್ದು ಏಳು ಆಯುಧಪೂಜೆ. ಆ ದಿನ ಜೀಪಿಗೆ ಬಾಡಿಗೆ ಇಲ್ಲ; ಪೂಜೆ ಮುಗಿಸಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ಅದು ನಮ್ಮದು.

ಮೊದಲ ವರ್ಷ ಬಾಬಾಬುಡನ್‌ಗಿರಿ. ಮದುವೆಯಾಗಿ ಆರು ತಿಂಗಳು. ಅವರು ಪ್ರವಾಸದವರನ್ನು ಹತ್ತಾರು ಸಲ ಅಲ್ಲಿಗೆ ಕರೆದುಕೊಂಡು ಹೋದವರು, ಆದರೆ ಒಂದು ದಿನವೂ ಜೀಪು ಬಿಟ್ಟು ಕದಲಿದವರಲ್ಲ. ನನಗೆ ಗುಡ್ಡ ತೋರಿಸುತ್ತಾರೆ ಎಂದುಕೊಂಡರೆ ಜೀಪು ತಿರುಗಿಸುವ ಜಾಗ ತೋರಿಸಿದರು. "ಮಂಜು ಬಿದ್ದಾಗ ಇಲ್ಲಿ ರಿವರ್ಸ್ ತಗೊಳ್ಲಿಕ್ಕೆ ಎಲ್ಲರಿಂದ ಆಗ್ಲಿಕ್ಕಿಲ್ಲ" ಎಂದು ಹೇಳಿ, ನಾನು ಮೆಚ್ಚಲಿ ಎಂದು ಕಾದು ನಿಂತರು. ಎರಡನೇ ವರ್ಷ ನಾನು ಬಸುರಿ. ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ನಾಲ್ಕು ಕಡೆ ಇಳಿದು ವಾಂತಿ ಮಾಡಿದೆ. ಅವರು ಪ್ರತಿ ಸಲವೂ ಇಳಿದು, ಬೆನ್ನು ತಟ್ಟಿ, "ಸ್ಟಾಪು ಬಂತು, ಇನ್ನು ಯಾರಾದ್ರೂ ಇಳಿಯೋರಿದ್ದೀರಾ?" ಎಂದು ಹೊಟ್ಟೆಯ ಕಡೆ ನೋಡಿ ಕೇಳುತ್ತಿದ್ದರು. ಮೂರನೇ ವರ್ಷ ಕಳಸದಲ್ಲಿ, ಭದ್ರಾ ಹೊಳೆಯ ದಡದಲ್ಲಿ ಮಗಳಿಗೆ ಮೊದಲ ಅನ್ನ ಉಣಿಸಿದೆವು. ಎರಡು ಅಗುಳು ಬಾಯಿಗೆ ಹೋಯಿತು, ಎರಡೂ ನನ್ನ ಸೀರೆಯ ಮೇಲೆ ಬಂತು. ಮಾರನೇ ವರ್ಷ ಅವಳು ನಡೆಯುತ್ತಿದ್ದಳು, ಅದೂ ಜೀಪಿನ ಹಿಂದಿನ ಸೀಟಿನ ಕಂಬಿ ಹಿಡಿದುಕೊಂಡೇ. ನೆಲದ ಮೇಲೆ ಬಿಟ್ಟರೆ ಕೂತುಬಿಡುತ್ತಿದ್ದಳು. ಅವಳು ಸ್ಪಷ್ಟವಾಗಿ ಆಡಿದ ಮೊದಲ ಮಾತು ಅಮ್ಮ ಅಲ್ಲ, ಅಪ್ಪನೂ ಅಲ್ಲ. "ರೈಟ್ ರೈಟ್" ಎಂದು ಹೇಳಿ ಜೀಪಿನ ಮೈಗೆ ಎರಡು ಸಲ ಬಡಿದಳು. ಅತ್ತೆ, "ಹೆಣ್ಣು ಮಗುವನ್ನು ಕ್ಲೀನರ್ ಮಾಡ್ಬಿಟ್ಯಲ್ಲೋ" ಎಂದು ಮಗನನ್ನು ಬೈದರು.

ಹೀಗೆ ನಮ್ಮ ಸಂಸಾರದಲ್ಲಿ ಹೊಸದು ಏನೇ ಆಗಲಿ, ಅದು ಆ ದಿನಕ್ಕೆ ಅಂಟಿಕೊಂಡೇ ಆಗುತ್ತಿತ್ತು.

ಅವರು ಹೋದ ಮೇಲೆ ಒಂದು ವರ್ಷ ಯಾವ ಹಬ್ಬವೂ ಇಲ್ಲ. ಅದನ್ನು ನಾನು ಒಪ್ಪಿದ್ದೆ, ನನಗೂ ಬೇಕಿರಲಿಲ್ಲ. ವರ್ಷ ತುಂಬಿ ಮತ್ತೆ ದಸರಾ ಬರುವಾಗ, "ಆಯುಧಪೂಜೆ ಸಣ್ಣಕ್ಕೆ ಮಾಡುವಾ ಅತ್ತೆ, ಮಗುವಿಗೋಸ್ಕರ" ಎಂದೆ. ಅತ್ತೆ ಭಾವನನ್ನು ಕರೆಸಿದರು.

ಭಾವ ಜಗಲಿಯ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ನಿಧಾನವಾಗಿ ಹೇಳಿದರು. "ಒಂದು ವರ್ಷದ ಮಾತಲ್ಲ ಇದು. ಹಬ್ಬದ ದಿನ ಮನೆಯ ಜನ ಹೋದ್ರೆ ಆ ಹಬ್ಬ ನಿಂತ ಹಾಗೆ. ಉಳಿದ ಹಬ್ಬ ಎಲ್ಲಾ ಮಾಡು, ಯಾರು ಬೇಡ ಅಂತಾರೆ? ಇದೊಂದು ಇಲ್ಲ."

"ಯಾವಾಗಿನವರೆಗೆ?"

"ಅದೇ ದಿನ ಮನೆಯಲ್ಲಿ ಮಗು ಹುಟ್ಬೇಕು. ಇಲ್ಲ, ಕೊಟ್ಟಿಗೆಯಲ್ಲಿ ಹಸು ಕರು ಹಾಕ್ಬೇಕು. ಆವಾಗ ಹಬ್ಬ ತಿರುಗಿ ಬರ್ತದೆ. ನಮ್ಮ ಅಜ್ಜಂದಿರ ಕಾಲದಿಂದ ಇರೋದು."

ಭಾವನ ಮಕ್ಕಳಿಬ್ಬರೂ ಕಾಲೇಜಿಗೆ ಹೋಗುವವರು. ನನ್ನ ವಿಷಯ ಹೇಳಬೇಕಾಗಿಲ್ಲ. ಮಗು ಹುಟ್ಟುವ ಮಾತಿರಲಿಲ್ಲ. ಉಳಿದದ್ದು ಕೊಟ್ಟಿಗೆಯ ಕೆಂದ ಹಸು.

ಆ ವರ್ಷ ಸುಮ್ಮನಿದ್ದೆ. ಹಬ್ಬದ ರಜೆ ಮುಗಿದು ಶಾಲೆ ಶುರುವಾದ ದಿನ ಮಗಳನ್ನು ಕರೆತರಲು ಹೋದಾಗ, ಅವಳು ಮೆಟ್ಟಿಲ ಮೇಲೆ ಇನ್ನೊಂದು ಹುಡುಗಿಯ ಜೊತೆ ಕೂತಿದ್ದಳು. ಆ ಹುಡುಗಿ ತಮ್ಮ ಮನೆಯ ಬೈಕಿಗೆ ಎಷ್ಟು ದೊಡ್ಡ ಹಾರ ಹಾಕಿದ್ದರು ಎಂದು ಕೈ ಅಗಲಿಸಿ ತೋರಿಸುತ್ತಿತ್ತು. ನನ್ನ ಮಗಳು ಹೇಳಿದಳು: "ನಮಗೆ ಆ ಹಬ್ಬ ಇಲ್ಲ. ಅದು ನಮ್ಮಪ್ಪ ಸತ್ತ ಹಬ್ಬ."

ಅವಳು ಅಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಟಿವಿ ಇಲ್ಲ ಎನ್ನುವ ಹಾಗೆ ಹೇಳಿದಳು. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಮಾತು. ಏಳು ವರ್ಷ ಆ ದಿನ ಅವಳ ಅಪ್ಪ ಬದುಕಿದ್ದ ದಿನ. ಅದನ್ನು ಅವಳಿಂದ ಕಿತ್ತುಕೊಂಡು, ಒಂದು ಏಣಿ, ಒಂದು ತಂತಿ ಮಾತ್ರ ಅವಳ ಕೈಗೆ ಕೊಡಲು ನಾನು ಬಿಡಬಾರದು. ಹೇಗೆ ಬಿಡದಿರುವುದು ಎಂದು ಗೊತ್ತಿರಲಿಲ್ಲ. ಹಸುವಿನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಅದು ಹೊಳೆದದ್ದು ಅತ್ತೆಗೆ. ನವೆಂಬರಿನಲ್ಲಿ ಹಸು ಬೆದೆಗೆ ಬಂದು ಕೊಟ್ಟಿಗೆ ಹಾರಿಹೋಗುವ ಹಾಗೆ ಕೂಗಿತು. ಗಬ್ಬ ಕಟ್ಟುವ ಇಂಜೆಕ್ಷನ್ ಕೊಡಿಸಲು ದನದ ಡಾಕ್ಟರನ್ನು ಕರೆಸುತ್ತೇನೆ ಎಂದರೆ ಅತ್ತೆ, "ಬೇಡ, ಅದಕ್ಕೆ ಇನ್ನೂ ಮೈ ಇಲ್ಲ" ಎಂದರು. ಮೂರು ವಾರ ಬಿಟ್ಟು ಮತ್ತೆ ಕೂಗಿತು. ಆಗಲೂ ಬೇಡ. ಭಾವ ಬಂದು, "ಎಂತ ಮಾರಾಯ್ತಿ ಅಮ್ಮ, ಹಸುವನ್ನು ಸನ್ಯಾಸಿ ಮಾಡ್ತೀಯಾ?" ಎಂದು ನಗಾಡಿದರು. ಕ್ರಿಸ್ಮಸ್ ರಜೆಯಲ್ಲಿ ಮೂರನೇ ಸಲ ಕೂಗಿದಾಗ ಅತ್ತೆ ತಾವೇ ಕೊಡೆ ಹಿಡಿದು, ದೊಡ್ಡ ರಸ್ತೆಯವರೆಗೆ ನಡೆದು ಡಾಕ್ಟರಿಗೆ ಹೇಳಿ ಕಳಿಸಿದರು. ಮುದುಕಿಯ ತಲೆ ಕೆಟ್ಟಿದೆ ಎಂದುಕೊಂಡೆ.

ಯುಗಾದಿಗೆ ಭಾವ ಹೊಸ ಪಂಚಾಂಗ ತಂದು ಜಗಲಿಯಲ್ಲಿ ಓದುತ್ತಿದ್ದರು. ಮಳೆ ಇಷ್ಟು, ಬೆಳೆ ಇಷ್ಟು ಎಂದು ಹೇಳುತ್ತಾ, "ಈ ವರ್ಷ ಅಧಿಕ ಮಾಸ ಉಂಟು. ದಸರಾ ತಡ, ಹೋದ ವರ್ಷಕ್ಕಿಂತ ಇಪ್ಪತ್ತು ದಿನ ಆಚೆ" ಎಂದರು. ಅತ್ತೆಯ ಕೈಯಲ್ಲಿದ್ದ ಬೇವು-ಬೆಲ್ಲದ ಬಟ್ಟಲು ಹಾಗೇ ನಿಂತಿತು.

ಭಾವ ಹೋದ ಮೇಲೆ ಅತ್ತೆ ಕೊಟ್ಟಿಗೆಯಲ್ಲಿ ಹೇಳಿದರು. "ಒಂಬತ್ತು ತಿಂಗಳು ಒಂಬತ್ತು ದಿನ ಅಂತ ಹಿಂದಕ್ಕೆ ಎಣಿಸಿಟ್ಟಿದ್ದೆ ಕಣೆ. ಹೋದ ವರ್ಷ ಹಬ್ಬ ಬಂದ ತಾರೀಖಿಗೆ ಸರಿಯಾಗಿ. ಈ ಹಾಳಾದ ಅಧಿಕ ಮಾಸ ಯಾರ ನೆನಪಿನಲ್ಲಿತ್ತು?"

ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಹಬ್ಬ ಬೇಕು ಎಂದು ನಾನೊಬ್ಬಳೇ ಒದ್ದಾಡುತ್ತಿದ್ದೇನೆ ಎಂದುಕೊಂಡಿದ್ದೆ. ಇವರು ಹಸುವನ್ನು ಒಂದೂವರೆ ತಿಂಗಳು ಕೂಗಿಸಿ, ಯಾರಿಗೂ ಹೇಳದೆ, ಹಬ್ಬವನ್ನು ನಿಯಮದ ಬಾಗಿಲಿನಿಂದಲೇ ಒಳಗೆ ತರಲು ನೋಡಿದ್ದರು.

ಹಸುವಿಗೆ ಅಧಿಕ ಮಾಸ ಗೊತ್ತಿಲ್ಲ. ಅದು ತನ್ನ ದಿನಕ್ಕೆ ಸರಿಯಾಗಿ, ಹಬ್ಬಕ್ಕೆ ಇನ್ನೂ ಹದಿನೆಂಟು ದಿನ ಇರುವಾಗ, ಹೆಣ್ಣು ಕರು ಹಾಕಿತು. ಮಗಳು ಕುಣಿದಾಡಿದಳು. ಅತ್ತೆ ಗಿಣ್ಣು ಕಾಯಿಸುವಾಗ ಮೆಲ್ಲಗೆ ಕೇಳಿದರು: "ಹಬ್ಬದ ದಿನವೇ ಹಾಕ್ತು ಅಂದ್ರೆ ಯಾರಿಗೆ ಗೊತ್ತಾಗ್ತದೆ?"

"ಹದಿನೆಂಟು ದಿನದ ಕರು ತೋಟವೆಲ್ಲಾ ಹಾರ್ತಾ ಇರ್ತದೆ ಅತ್ತೆ. ಭಾವನಿಗೆ ಕಣ್ಣಿಲ್ವಾ?"

"ಹಾಗಾದ್ರೆ ಮುಂದಿನ ವರ್ಷ ನೋಡುವಾ. ಸರಿಯಾಗಿ ಪಂಚಾಂಗ ಕೇಳಿಯೇ ಇಂಜೆಕ್ಷನ್ ಕೊಡ್ಸುವಾ."

"ಮುಂದಿನ ವರ್ಷ ಇಲ್ಲ ಅತ್ತೆ. ಈ ವರ್ಷವೇ ಮಾಡ್ತೇನೆ. ಕರು ಬೇಡ ನನಗೆ."

ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಹಬ್ಬದ ಬೆಳಿಗ್ಗೆ ಹಂಡೆಯಿಂದ ನೀರು ಹೊತ್ತು ಶೆಡ್ಡಿಗೆ ಹೋದೆ. ಎರಡು ವರ್ಷದಿಂದ ಜೀಪು ಅಲ್ಲೇ ನಿಂತಿತ್ತು. ಇಲಿಗಳು ಸೀಟಿನ ಸ್ಪಂಜು ತಿಂದಿದ್ದವು, ಟೈರುಗಳು ಕುಸಿದಿದ್ದವು, ಬೀಗದ ಕೈ ತಿರುಗಿಸಿದರೆ ಟಿಕ್ ಎನ್ನುವ ಸದ್ದೂ ಇಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತಾಯಿ ಮಗಳು ಇಬ್ಬರೂ ಸೇರಿ ತಲೆಯಿಂದ ಕಾಲಿನವರೆಗೆ ತೊಳೆದೆವು. ಮಗಳು ಹೆಡ್‌ಲೈಟಿಗೆ ಅರಿಶಿನ ಕುಂಕುಮ ಹಚ್ಚುವಾಗ ಭಾವ ಬಂದರು.

"ಯಾರು ಹೇಳಿದ್ರು ನಿಂಗೆ ಇದನ್ನು ಮಾಡ್ಲಿಕ್ಕೆ?"

"ಯಾರೂ ಹೇಳ್ಲಿಲ್ಲ ಭಾವ."

"ಗಂಡ ಇಲ್ಲದವಳು ಆರತಿ ಎತ್ತೋದು, ಅದೂ ಇವತ್ತು. ಇನ್ನೊಂದು ಅನಾಹುತ ಆದ್ರೆ ಯಾರು ಹೊಣೆ? ಈ ಹಬ್ಬ ನಮಗೆ ಆಗಿ ಬರ್ಲಿಲ್ಲ ಅಂತ ಕಣ್ಣಾರೆ ಕಂಡ್ಯಲ್ಲ."

ನಾನು ಹೆಚ್ಚು ಮಾತಾಡುವವಳಲ್ಲ. ಭಾವನ ಮುಂದೆ ಅದುವರೆಗೆ ತಲೆ ಎತ್ತಿ ನಿಂತವಳೂ ಅಲ್ಲ. ಅಂದು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ, ಬಾನೆಟ್ ಮೇಲೆ ಹರವಿ, ಹೇಳಿದೆ:

"ಹಬ್ಬ ಅವರನ್ನು ಕೊಲ್ಲಲಿಲ್ಲ ಭಾವ. ಏಣಿ ತಂತಿಗೆ ತಾಗಿ ಹೋದ್ರು. ನೀವು ಹಬ್ಬ ನಿಲ್ಸಿದ್ರಿ. ಏಣಿ ನಿಲ್ಸಿದ್ರಾ? ಅದೇ ಏಣಿ ನಿಮ್ಮ ಮನೆ ಗೋಡೆಗೆ ಒರಗಿಸಿ ಇಟ್ಟಿದೆ. ಹೋದ ಸಲ ಅದರಲ್ಲೇ ಮೆಣಸು ಕೊಯ್ಸಿದ್ರಿ. ನಿಮ್ಮ ತೋಟದ ಮೇಲೂ ಅದೇ ತಂತಿ ಹೋಗ್ತದೆ."

ಮಗಳು ಕುಂಕುಮದ ಬಟ್ಟಲು ಹಿಡಿದು, "ದೊಡ್ಡಪ್ಪ, ಕಾಲು ತೆಗೀರಿ, ಟೈರಿಗೆ ಹಚ್ಬೇಕು" ಎಂದಳು. ಅವರು ಕಾಲು ತೆಗೆದರು. ಹಾಗೇ ತಿರುಗಿ ಹೊರಟುಹೋದರು.

ಅತ್ತೆ ಕೊಟ್ಟಿಗೆಯಲ್ಲಿ ನಮಗೆ ಬೆನ್ನು ಹಾಕಿ ಕರುವಿನ ಮೈ ತಿಕ್ಕುತ್ತಿದ್ದರು. ಮಂಗಳಾರತಿ ಹಿಡಿದು ಅಲ್ಲಿಗೆ ಹೋದೆ.

"ನನ್ನ ಮಗ ಸತ್ತ ದಿನ ಕಣೆ ಇದು" ಎಂದರು, ತಿರುಗದೆಯೇ.

"ಹೌದು ಅತ್ತೆ. ಅದಕ್ಕಿಂತ ಮುಂಚೆ ಏಳು ಸಲ ಇದೇ ದಿನ ನಿಮ್ಮ ಮಗ ನಗಾಡ್ತಾ ನಮ್ಮನ್ನು ಜೀಪಿಗೆ ಹತ್ತಿಸಿದ್ರು. ಅದನ್ನೆಲ್ಲ ನಾನು ಮರೀಬೇಕಾ?"

ಅವರು ಆರತಿ ತೆಗೆದುಕೊಳ್ಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ದೀಪವನ್ನು ಹಿಂದಕ್ಕೆ ತಂದು ಜೀಪಿನ ಮುಂದೆ ಇಟ್ಟೆ. ಮಗಳು ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸಿದಳು. ನಾನು ಪಕ್ಕದಲ್ಲಿ ಕೂತೆ. ಕಡ್ಲೆಪುರಿ ತಿನ್ನುತ್ತಾ ಸ್ವಲ್ಪ ಹೊತ್ತು ಆ ಶೆಡ್ಡಿನೊಳಗೇ ಕೂತಿದ್ದೆವು. ಅವಳು ಹಾರ್ನನ್ನು ಬಾಯಲ್ಲೇ ಹೊಡೆದಳು.

ಆಮೇಲೆ ಕಳಸಕ್ಕೆ ಹೊರಟೆವು, ಬಸ್ಸಿನಲ್ಲಿ. ಗೇಟು ದಾಟುವಾಗ ಅತ್ತೆ ಹಿಂದಿನಿಂದ ಮೊಮ್ಮಗಳನ್ನು ಕರೆದು ಒಂದು ನಿಂಬೆಹಣ್ಣು ಕೊಟ್ಟರು. "ಬಸ್ಸಲ್ಲಿ ವಾಂತಿ ಬಂದ್ರೆ ಮೂಸು. ನಿಮ್ಮಮ್ಮನಿಗೂ ಕೊಡು, ಅವಳಿಗೆ ಮೊದ್ಲಿಂದಲೂ ಉಂಟು." ನನ್ನ ಕಡೆ ನೋಡಲಿಲ್ಲ.

ಕಳಸದ ಪೇಟೆಯಲ್ಲಿ ನಮ್ಮ ಕಡೆಯ ನೆಂಟರೊಬ್ಬರು ಸಿಕ್ಕಿದರು. ನನ್ನ ಹೊಸ ಸೀರೆಯನ್ನೂ ಮಗಳ ತಲೆಯ ಸೇವಂತಿಗೆಯನ್ನೂ ನೋಡಿ, "ಇವತ್ತು... ಎಂತಕ್ಕೆ ಬಂದದ್ದು?" ಎಂದು ರಾಗ ಎಳೆದರು.

"ಹಬ್ಬಕ್ಕೆ ಬಂದದ್ದು" ಎಂದೆ.

ಅವರು ಮುಂದೆ ಏನಾದರೂ ಕೇಳಲಿ ಎಂದು ಅಲ್ಲೇ ನಿಂತೆ. ಕೇಳಲಿಲ್ಲ. ಹೊಳೆಗೆ ಹೋಗಿ ಕಾಲು ಇಳಿಬಿಟ್ಟು ಕೂತೆವು. ಮಗಳು ಪುರಿ ಎಸೆದಳು, ಮೀನುಗಳು ಬಂದವು. ಬರುವಾಗ ಬಸ್ಸಿನ ಕಂಡಕ್ಟರಿಗೆ, "ನಮ್ಮ ಜೀಪು ನಿಮ್ಮ ಬಸ್ಸಿಗಿಂತ ಜೋರು" ಎಂದಳು.

ಆ ವರ್ಷದಿಂದ ಹಬ್ಬ ನಿಲ್ಲಲಿಲ್ಲ. ಜೀಪು ತುಕ್ಕು ಹಿಡಿದು ಕಳಚುವ ಹಾಗೆ ಆದ ಮೇಲೆ ನನ್ನ ಹೊಲಿಗೆ ಮಿಷನ್ನಿಗೆ ಪೂಜೆ, ಅವಳ ಸೈಕಲ್ಲಿಗೆ ಪೂಜೆ. ಸೈಕಲ್ ಕಲಿತು ಮೊದಲ ಸಲ ದೊಡ್ಡ ರಸ್ತೆಯವರೆಗೆ ಒಬ್ಬಳೇ ಹೋಗಿ ಬಂದದ್ದೂ ಒಂದು ಆಯುಧಪೂಜೆಯ ದಿನವೇ. ಮಂಡಿ ತರಚಿಕೊಂಡು ಬಂದು ಅದನ್ನೇ ಎಲ್ಲರಿಗೂ ತೋರಿಸಿದಳು. ಪ್ರತಿ ವರ್ಷ ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿದ್ದೇವೆ. ನಾಲ್ಕನೇ ವರ್ಷ ಅತ್ತೆ ಬೆಳಿಗ್ಗೆಯೇ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. "ಕಿಟಕಿ ಸೀಟು ಕೊಟ್ರೆ ಬರ್ತೇನೆ" ಎಂದರು. ಆರತಿಯನ್ನು ಮಾತ್ರ ಅವರು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಅದು ಅವರ ಹಟ, ಇದು ನನ್ನ ಹಟ. ಭಾವ ಆ ದಿನ ನಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ. ಆದರೆ ಅವರ ಗೋಡೆಗೆ ಈಗ ಒರಗಿರುವುದು ಬಿದಿರಿನ ಏಣಿ.

ಮಗಳು ಹೈಸ್ಕೂಲಿಗೆ ಬಂದ ವರ್ಷ ಬಾಬಾಬುಡನ್‌ಗಿರಿಗೆ ಹೋಗಿದ್ದೆವು. ಜೀಪು ತಿರುಗಿಸುವ ಜಾಗವನ್ನು ತೋರಿಸಿ, ಅವಳ ಅಪ್ಪ ಅಲ್ಲಿ ನಿಂತು ಹೇಳಿದ್ದನ್ನು ಹೇಳಿದೆ. ಅವಳು ತುಂಬಾ ನಕ್ಕಳು. ಇಳಿದು ಬರುವಾಗ ಬಸ್ಸಿನಲ್ಲಿ ಕೇಳಿದಳು:

"ಅಮ್ಮ, ಅಪ್ಪ ಅದನ್ನು ಹೇಗೆ ಹೇಳಿದ್ರು? ಅವರ ಹಾಗೇ ಹೇಳು."

ನಾನು ಅವರ ಹಾಗೆ ಹೇಳಲು ನೋಡಿದೆ. ಅವರು ಮಾತಿನ ಕೊನೆಯನ್ನು ಸ್ವಲ್ಪ ಎಳೆಯುತ್ತಿದ್ದರು, ಗಂಟಲು ದಪ್ಪ. ಎರಡು ಸಲ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿ, ತಲೆ ಅಲ್ಲಾಡಿಸಿದಳು.

"ಅದು ನಿನ್ನ ಧ್ವನಿ ಅಮ್ಮ."

ಅವರು ಮಾತಾಡಿದ್ದು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಟೇಪ್ ರೆಕಾರ್ಡರ್ ನಮ್ಮ ಮನೆಗೆ ಬಂದದ್ದು ಅವರು ಹೋದ ಮೇಲೆ. ಹಬ್ಬವನ್ನು ನಾನು ಬಿಟ್ಟುಕೊಡಲಿಲ್ಲ, ಈ ವರ್ಷವೂ ಮಾಡುತ್ತೇವೆ. ನನ್ನ ಮಗಳಿಗೆ ಅವಳ ಅಪ್ಪನ ಧ್ವನಿ ನೆನಪಿಲ್ಲ.